ಭೌತಶಾಸ್ತ್ರ ಮತ್ತು ಖಗೋಳಶಾಸ್ತ್ರ ಬೋಧನೆಯಲ್ಲಿ ಕಿರು ವಿಜ್ಞಾನ ವಿಡಿಯೋಗಳು

ಕಿರು ವಿಜ್ಞಾನ ವಿಡಿಯೋ ಎಂದರೆ ವಿಜ್ಞಾನದ ಒಂದು ಪರಿಕಲ್ಪನೆಯನ್ನು, ಒಂದು ಪ್ರಯೋಗವನ್ನು ಅಥವಾ ಒಂದು ನೈಸರ್ಗಿಕ ವಿದ್ಯಮಾನವನ್ನು ಕೆಲವೇ ನಿಮಿಷಗಳಲ್ಲಿ ತೋರಿಸುವ ಚಲಿಸುವ ಚಿತ್ರ. ಪ್ರೌಢಶಾಲಾ ಹಂತದಲ್ಲಿ ಇದನ್ನು ಪಾಠದ ಬದಲಾಗಿ ಅಲ್ಲ, ಪಾಠದ ನಡುವೆ ಒಂದು ಬೋಧನೋಪಕರಣವಾಗಿ ಬಳಸಲಾಗುತ್ತದೆ. ಭೌತಶಾಸ್ತ್ರ ಮತ್ತು ಖಗೋಳಶಾಸ್ತ್ರಗಳಲ್ಲಿ ಇದರ ಬಳಕೆ ವಿಶೇಷವಾಗಿ ಕಂಡುಬರುತ್ತದೆ. ಈ ವಿಷಯಗಳು ಪರಿಶೀಲಿಸುವ ಅನೇಕ ಸಂಗತಿಗಳು ಕಣ್ಣಿಗೆ ನಿಲುಕದಷ್ಟು ವೇಗವಾಗಿ, ಅತಿ ನಿಧಾನವಾಗಿ ಅಥವಾ ಅತಿ ದೂರದಲ್ಲಿ ನಡೆಯುವುದೇ ಇದಕ್ಕೆ ಮುಖ್ಯ ಕಾರಣ. ಆದರೆ ವಿಡಿಯೋ ನೋಡಿದ ಮಾತ್ರಕ್ಕೆ ಕಲಿಕೆ ಆಗುವುದಿಲ್ಲ ಎಂಬುದನ್ನು ಶಿಕ್ಷಣ ಸಂಶೋಧನೆಗಳು ತೋರಿಸಿವೆ. ಆದುದರಿಂದ ಯಾವ ವಿಡಿಯೋವನ್ನು ತೋರಿಸಬೇಕು ಎಂಬ ಪ್ರಶ್ನೆಯಷ್ಟೇ ಅದನ್ನು ಹೇಗೆ ತೋರಿಸಬೇಕು ಎಂಬ ಪ್ರಶ್ನೆಯೂ ಮುಖ್ಯವಾಗಿದೆ.

ಹಿನ್ನೆಲೆ

ಮೇಜಿನ ಎತ್ತರದಿಂದ ಬಿಟ್ಟ ಕಲ್ಲು ಅರ್ಧ ಸೆಕೆಂಡಿನೊಳಗೆ ನೆಲ ಮುಟ್ಟುತ್ತದೆ. ಅದರ ವೇಗ ಪ್ರತಿಕ್ಷಣವೂ ಹೆಚ್ಚುತ್ತಿರುವುದನ್ನು ಬರಿಗಣ್ಣು ಗುರುತಿಸಲಾರದು. ಇದಕ್ಕೆ ವಿರುದ್ಧವಾಗಿ ಗುರುಗ್ರಹ ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು 12 ವರ್ಷ ತೆಗೆದುಕೊಳ್ಳುತ್ತದೆ. ವಿದ್ಯಾರ್ಥಿಯ ಇಡೀ ಶಾಲಾ ಜೀವನವೇ ಅಷ್ಟರಲ್ಲಿ ಮುಗಿದಿರುತ್ತದೆ. ಮೊದಲನೆಯದನ್ನು ನಿಧಾನಗತಿಯ ಚಿತ್ರಣದಿಂದಲೂ, ಎರಡನೆಯದನ್ನು ದಿನಕ್ಕೊಂದರಂತೆ ತೆಗೆದ ಚಿತ್ರಗಳನ್ನು ಜೋಡಿಸಿ ವೇಗವಾಗಿ ಓಡಿಸುವುದರಿಂದಲೂ ತರಗತಿಯ ಅವಧಿಯೊಳಗೆ ತರಬಹುದು.

ಇದಲ್ಲದೆ ನಿರ್ವಾತ, ತೂಕರಹಿತ ಸ್ಥಿತಿ, ಚಂದ್ರನ ನೆಲ ಮುಂತಾದ ಪರಿಸ್ಥಿತಿಗಳನ್ನು ಯಾವ ಶಾಲೆಯ ಪ್ರಯೋಗಾಲಯದಲ್ಲಿಯೂ ನಿರ್ಮಿಸಲು ಸಾಧ್ಯವಿಲ್ಲ, ಅಥವಾ ಬಹಳ ಕಷ್ಟ. ಕಪ್ಪುಹಲಗೆಯ ಮೇಲಿನ ರೇಖಾಚಿತ್ರವು ಚಲನೆಯನ್ನು ಬಾಣದ ಗುರುತಿನಿಂದ ಸೂಚಿಸಬಲ್ಲದೇ ಹೊರತು ತೋರಿಸಲಾರದು. ಈ ಕೊರತೆಯನ್ನು ತುಂಬಲು ಚಲನಚಿತ್ರವನ್ನು ಬಳಸುವ ಪ್ರಯತ್ನಗಳು ಅಂತರಜಾಲಕ್ಕಿಂತ ಬಹಳ ಹಿಂದೆಯೇ ಆರಂಭವಾದವು.

ಇತಿಹಾಸ

ಫಿಲ್ಮಿನ ಕಾಲ

1956ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಜೆರಾಲ್ಡ್ ಜಕರಾಯಸ್ ಅವರ ನೇತೃತ್ವದಲ್ಲಿ ಪ್ರೌಢಶಾಲಾ ಭೌತಶಾಸ್ತ್ರವನ್ನು ಹೊಸದಾಗಿ ರೂಪಿಸಲು ಒಂದು ಸಮಿತಿ ರಚನೆಯಾಯಿತು. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿದ ಬಳಿಕ ಈ ಕೆಲಸಕ್ಕೆ ಹೆಚ್ಚಿನ ಒತ್ತು ದೊರೆಯಿತು. ಪಠ್ಯಪುಸ್ತಕ ಮತ್ತು ಸರಳ ಪ್ರಯೋಗ ಸಾಮಗ್ರಿಗಳ ಜೊತೆಗೆ ಅನೇಕ ಬೋಧನಾ ಚಿತ್ರಗಳನ್ನು ಈ ಸಮಿತಿ ಸಿದ್ಧಪಡಿಸಿತು. ಅವುಗಳಲ್ಲಿ 1960ರ 'ಫ್ರೇಮ್ಸ್ ಆಫ್ ರೆಫರೆನ್ಸ್' ಪ್ರಸಿದ್ಧವಾದುದು. ಟೊರಾಂಟೊ ವಿಶ್ವವಿದ್ಯಾಲಯದ ಪ್ಯಾಟರ್ಸನ್ ಹ್ಯೂಮ್ ಮತ್ತು ಡೊನಾಲ್ಡ್ ಐವಿ ನಡೆಸಿಕೊಟ್ಟ ಈ ಕಪ್ಪು ಬಿಳುಪು ಚಿತ್ರದ ಆರಂಭದಲ್ಲಿ ಪ್ರಾಧ್ಯಾಪಕರಲ್ಲಿ ಒಬ್ಬರು ತಲೆಕೆಳಗಾಗಿ ಕಾಣಿಸಿಕೊಳ್ಳುತ್ತಾರೆ. ಯಾರು ನೇರ, ಯಾರು ತಲೆಕೆಳಗು ಎಂಬ ಪ್ರಶ್ನೆಯಿಂದಲೇ ಸಾಪೇಕ್ಷ ಚಲನೆಯ ಪಾಠ ಮೊದಲಾಗುತ್ತದೆ.

1960ರ ದಶಕದಲ್ಲಿ 8 ಮಿ.ಮೀ. ಫಿಲ್ಮಿನ ಸುರುಳಿಗಳು ಬಳಕೆಗೆ ಬಂದವು. ಡಬ್ಬಿಯೊಳಗೆ ಅಳವಡಿಸಿದ ಈ ಸುರುಳಿಗಳು ಮೂರು ನಾಲ್ಕು ನಿಮಿಷಗಳಷ್ಟು ಚಿಕ್ಕವು, ಮಾತಿಲ್ಲದವು. ಪ್ರತಿಯೊಂದರಲ್ಲಿಯೂ ಒಂದೇ ಪರಿಕಲ್ಪನೆ ಇರುತ್ತಿತ್ತು. ಪರದೆಯ ಜಾಗದಲ್ಲಿ ಬಿಳಿ ಹಾಳೆ ಹಚ್ಚಿ, ಮೂಡಿದ ಬಿಂಬದ ಸ್ಥಾನಗಳನ್ನು ಪೆನ್ಸಿಲಿನಿಂದ ಗುರುತಿಸಿ ವಿದ್ಯಾರ್ಥಿಗಳು ವೇಗವನ್ನು ಲೆಕ್ಕ ಹಾಕುತ್ತಿದ್ದರು. ಇಂದಿನ ಕಿರು ವಿಡಿಯೋಗಳಿಗೆ ಈ ಸುರುಳಿಗಳನ್ನು ಪೂರ್ವರೂಪ ಎನ್ನಬಹುದು.

ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1977ರಲ್ಲಿ ಮಾಡಿದ 'ಪವರ್ಸ್ ಆಫ್ ಟೆನ್' ಎಂಬ ಸುಮಾರು ಒಂಬತ್ತು ನಿಮಿಷಗಳ ಚಿತ್ರವು ಉದ್ಯಾನದಲ್ಲಿ ವಿಶ್ರಮಿಸುತ್ತಿರುವ ಜೋಡಿಯಿಂದ ಹೊರಟು ಹತ್ತು ಹತ್ತು ಪಟ್ಟು ದೂರ ಸರಿಯುತ್ತಾ ಗೆಲಾಕ್ಸಿಗಳ ಆಚೆಗೆ ಹೋಗುತ್ತದೆ. ಅಲ್ಲಿಂದ ಹಿಂದಿರುಗಿ ಪರಮಾಣುವಿನ ಒಳಗನ್ನು ಪ್ರವೇಶಿಸುತ್ತದೆ. 1985ರಲ್ಲಿ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯ ಡೇವಿಡ್ ಗುಡ್‌ಸ್ಟೀನ್ ಅವರ 'ದಿ ಮೆಕ್ಯಾನಿಕಲ್ ಯೂನಿವರ್ಸ್' ಸರಣಿ 52 ಕಂತುಗಳಲ್ಲಿ ಮೂಡಿಬಂತು. ಅರ್ಧ ಗಂಟೆಯ ಕಂತುಗಳು ಕಾಲೇಜಿನವರಿಗಾಗಿ ಇದ್ದುದರಿಂದ, ಪ್ರೌಢಶಾಲೆಗಳಿಗಾಗಿ ಅವುಗಳ ಸಂಕ್ಷಿಪ್ತ ರೂಪವನ್ನು ಪ್ರತ್ಯೇಕವಾಗಿ ತಯಾರಿಸಲಾಯಿತು.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಚಲಿಸುವ ಚಿತ್ರವನ್ನು ಹಳ್ಳಿಯ ಶಾಲೆಗೆ ತಲುಪಿಸಿದ ಮೊದಲ ದೊಡ್ಡ ಪ್ರಯೋಗವೆಂದರೆ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ, ಅಂದರೆ 'ಸೈಟ್'. ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಇಸ್ರೋ ಇದನ್ನು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆಸಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ಇದರ ವ್ಯಾಪ್ತಿಯಲ್ಲಿದ್ದವು. ಕರ್ನಾಟಕದಲ್ಲಿ ಆಗಿನ ರಾಯಚೂರು, ಗುಲ್ಬರ್ಗಾ ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಆಯ್ಕೆಯಾಗಿದ್ದವು. ಬೆಳಗಿನ ಪ್ರಸಾರ ಶಾಲಾ ಮಕ್ಕಳಿಗೆ ಮೀಸಲಾಗಿತ್ತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕಾಗಿಯೇ ರೂಪಿಸಿದ ಎಜುಸ್ಯಾಟ್ ಉಪಗ್ರಹ ಹಾರಿತು. ಅದರ ಆರಂಭಿಕ ಯೋಜನೆಗಳಲ್ಲಿ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳೂ ಸೇರಿದ್ದವು.

2017ರಲ್ಲಿ ಕೇಂದ್ರ ಸರ್ಕಾರವು 'ದೀಕ್ಷಾ' ಎಂಬ ಅಂತರಜಾಲ ವೇದಿಕೆಯನ್ನು ಆರಂಭಿಸಿತು. ಪಠ್ಯಪುಸ್ತಕದ ಪುಟದಲ್ಲಿ ಮುದ್ರಿಸಿದ ಕ್ಯೂಆರ್ ಕೋಡ್ ಮೂಲಕ ಆಯಾ ಪಾಠಕ್ಕೆ ಸಂಬಂಧಿಸಿದ ವಿಡಿಯೋಗಳನ್ನು ತೆರೆಯುವ ವ್ಯವಸ್ಥೆ ಇದರಿಂದ ಸಾಧ್ಯವಾಯಿತು. ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ ಪ್ರೌಢಶಾಲಾ ಪಾಠಗಳು ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರಸಾರವಾದವು.

ಅಂತರಜಾಲದ ಕಾಲ

2005ರಲ್ಲಿ ಯೂಟ್ಯೂಬ್ ಆರಂಭವಾದ ಮೇಲೆ ವಿಡಿಯೋ ತಯಾರಿಕೆ ಮತ್ತು ವಿತರಣೆ ಎರಡೂ ಅಗ್ಗವಾದವು. 2011ರಲ್ಲಿ ಹೆನ್ರಿ ರೈಖ್ ಆರಂಭಿಸಿದ 'ಮಿನಿಟ್ ಫಿಸಿಕ್ಸ್' ಕೈಬರಹದ ಚಿತ್ರಗಳಿಂದ ಭೌತಶಾಸ್ತ್ರದ ಪ್ರಶ್ನೆಗಳನ್ನು ವಿವರಿಸುತ್ತದೆ. ಅದೇ ಅವಧಿಯಲ್ಲಿ ಡೆರೆಕ್ ಮುಲ್ಲರ್ ಅವರ 'ವೆರಿಟಾಸಿಯಂ' ಜನಪ್ರಿಯವಾಯಿತು. 2015ರಲ್ಲಿ ಖಗೋಳತಜ್ಞ ಫಿಲ್ ಪ್ಲೇಟ್ ನಡೆಸಿಕೊಟ್ಟ 'ಕ್ರಾಶ್ ಕೋರ್ಸ್ ಆಸ್ಟ್ರಾನಮಿ' ಸರಣಿ ಆರಂಭವಾಯಿತು. ಭಾರತದಲ್ಲಿ ಅರವಿಂದ ಗುಪ್ತ ಅವರು ಕಸದಿಂದ ಮಾಡಬಹುದಾದ ವಿಜ್ಞಾನ ಆಟಿಕೆಗಳನ್ನು ತೋರಿಸುವ ಅತಿ ಚಿಕ್ಕ ಚಿತ್ರಗಳನ್ನು ಹಲವು ಭಾರತೀಯ ಭಾಷೆಗಳಲ್ಲಿ ಉಚಿತವಾಗಿ ಒದಗಿಸಿದ್ದಾರೆ. ನೋಡಿ ಮುಗಿಸುವುದಕ್ಕಿಂತ ನೋಡಿ ಮಾಡುವುದು ಈ ಚಿತ್ರಗಳ ಉದ್ದೇಶ.

ಸಂಶೋಧನೆಗಳು ತಿಳಿಸುವುದೇನು

ವಿಡಿಯೋ ಸ್ಪಷ್ಟವಾಗಿದ್ದರೆ ಕಲಿಕೆಯೂ ಸ್ಪಷ್ಟವಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಡೆರೆಕ್ ಮುಲ್ಲರ್ ಸಿಡ್ನಿ ವಿಶ್ವವಿದ್ಯಾಲಯಕ್ಕೆ 2008ರಲ್ಲಿ ಸಲ್ಲಿಸಿದ ಪಿಎಚ್.ಡಿ. ಪ್ರಬಂಧ ಈ ನಂಬಿಕೆಯನ್ನೇ ಪ್ರಶ್ನಿಸಿತು. ಚಲನೆಯ ನಿಯಮಗಳನ್ನು ನೇರವಾಗಿ, ಅಚ್ಚುಕಟ್ಟಾಗಿ ವಿವರಿಸಿದ ವಿಡಿಯೋ ನೋಡಿದ ವಿದ್ಯಾರ್ಥಿಗಳು ಅದನ್ನು ಮೆಚ್ಚಿದರು. ತಮಗೆ ವಿಷಯ ತಿಳಿದಿದೆ ಎಂಬ ಅವರ ವಿಶ್ವಾಸವೂ ಹೆಚ್ಚಿತು. ಆದರೆ ಪರೀಕ್ಷೆಯಲ್ಲಿ ಅವರ ಉತ್ತರಗಳು ಹೆಚ್ಚೇನೂ ಸುಧಾರಿಸಲಿಲ್ಲ. ತಮ್ಮಲ್ಲಿದ್ದ ತಪ್ಪು ಕಲ್ಪನೆಯನ್ನೇ ವಿಡಿಯೋ ಸಮರ್ಥಿಸುತ್ತಿದೆ ಎಂದು ಅವರು ಭಾವಿಸಿದ್ದರು. ಇದಕ್ಕೆ ಬದಲಾಗಿ, ತಪ್ಪು ಕಲ್ಪನೆಯನ್ನು ಮೊದಲು ಮಂಡಿಸಿ, ಸಂಭಾಷಣೆಯ ಮೂಲಕ ಅದನ್ನು ಪರೀಕ್ಷಿಸಿದ ವಿಡಿಯೋ ನೋಡಿದವರಿಗೆ ಅದು ಗೊಂದಲಕರ ಎನಿಸಿತು. ಆದರೂ ಅವರ ಉತ್ತರಗಳು ಗಣನೀಯವಾಗಿ ಉತ್ತಮಗೊಂಡವು. ಹೆಚ್ಚು ಯೋಚಿಸಬೇಕಾಗಿ ಬಂದುದೇ ಇದಕ್ಕೆ ಕಾರಣವೆಂದು ವಿವರಿಸಲಾಗಿದೆ.

ಇದಕ್ಕೆ ಪೂರಕವಾದ ಅಧ್ಯಯನವೊಂದನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಜೂರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದರು. ಅದು ತರಗತಿಯ ಪ್ರಾತ್ಯಕ್ಷಿಕೆಗಳನ್ನು ಕುರಿತದ್ದು. ಪ್ರಾತ್ಯಕ್ಷಿಕೆಯನ್ನು ಸುಮ್ಮನೆ ನೋಡಿದ ವಿದ್ಯಾರ್ಥಿಗಳ ಗ್ರಹಿಕೆಯು ಅದನ್ನು ನೋಡದೇ ಇದ್ದವರಿಗಿಂತ ಅಷ್ಟೇನೂ ಉತ್ತಮವಾಗಿರಲಿಲ್ಲ. ಏನಾಗುವುದೆಂದು ಮುಂಚಿತವಾಗಿ ಊಹಿಸಿ ನಂತರ ನೋಡಿದವರ ಗ್ರಹಿಕೆ ಹೆಚ್ಚಾಗಿತ್ತು. ವಿಡಿಯೋಗೂ ಇದೇ ತತ್ವ ಅನ್ವಯಿಸುತ್ತದೆ ಎಂದು ಶಿಕ್ಷಣತಜ್ಞರು ಭಾವಿಸುತ್ತಾರೆ.

ವಿಡಿಯೋದ ರಚನೆಯ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರ ತತ್ವಗಳು ಹೆಚ್ಚಾಗಿ ಉಲ್ಲೇಖಗೊಳ್ಳುತ್ತವೆ. ಪಾಠಕ್ಕೆ ಸಂಬಂಧಿಸದ ಸಂಗೀತ ಮತ್ತು ಅಲಂಕಾರಗಳನ್ನು ಬಿಡುವುದು, ಚಿತ್ರವನ್ನೂ ಅದರ ವಿವರಣೆಯನ್ನೂ ಒಟ್ಟಿಗೆ ಕೊಡುವುದು, ದೀರ್ಘ ವಿಷಯವನ್ನು ತುಂಡುಗಳಾಗಿ ವಿಭಾಗಿಸುವುದು ಅವುಗಳಲ್ಲಿ ಮುಖ್ಯವಾದವು. ಅಂತರಜಾಲದ ಮುಕ್ತ ಕೋರ್ಸುಗಳ ಲಕ್ಷಾಂತರ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನವೊಂದು, ವಿಡಿಯೋ ಎಷ್ಟೇ ದೀರ್ಘವಾಗಿದ್ದರೂ ಕಲಿಯುವವರು ಅದರಲ್ಲಿ ತೊಡಗುವ ಮಧ್ಯಕ ಅವಧಿ ಆರು ನಿಮಿಷಗಳನ್ನು ಮೀರುವುದಿಲ್ಲವೆಂದು ಕಂಡುಕೊಂಡಿತು.

ತರಗತಿಯಲ್ಲಿ ಬಳಸುವ ಕ್ರಮ

ಮೇಲಿನ ಸಂಶೋಧನೆಗಳ ಆಧಾರದ ಮೇಲೆ ಸಾಮಾನ್ಯವಾಗಿ ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು.

1. ಶಿಕ್ಷಕರು ವಿಡಿಯೋವನ್ನು ಮೊದಲೇ ಪೂರ್ಣವಾಗಿ ನೋಡಿ, ಎಲ್ಲಿ ನಿಲ್ಲಿಸಬೇಕೆಂದು ಗುರುತು ಮಾಡಿಕೊಳ್ಳುವುದು.
2. ವಿಡಿಯೋ ಆರಂಭಿಸುವ ಮುನ್ನ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆಯುವುದು.
3. ಪ್ರತಿ ವಿದ್ಯಾರ್ಥಿಯೂ ತನ್ನ ಊಹೆಯನ್ನು ನೋಟುಪುಸ್ತಕದಲ್ಲಿ ಬರೆಯುವುದು. ಕೈ ಎತ್ತುವ ಕ್ರಮದಲ್ಲಿ ಉಳಿದವರನ್ನು ನೋಡಿ ಉತ್ತರ ಬದಲಿಸುವ ಸಾಧ್ಯತೆ ಇರುವುದರಿಂದ ಬರೆಯುವುದು ಉತ್ತಮ.
4. ನಿರ್ಣಾಯಕ ಕ್ಷಣದ ಮುಂಚೆ ವಿಡಿಯೋ ನಿಲ್ಲಿಸಿ, ಅಕ್ಕಪಕ್ಕದವರು ಪರಸ್ಪರ ಚರ್ಚಿಸಲು ಅವಕಾಶ ಕೊಡುವುದು.
5. ಮುಂದಿನ ಭಾಗವನ್ನು ತೋರಿಸುವುದು. ಅಗತ್ಯವಿದ್ದರೆ ಧ್ವನಿಯಿಲ್ಲದೆ ಮತ್ತೊಮ್ಮೆ ತೋರಿಸಿ ವಿದ್ಯಾರ್ಥಿಗಳಿಂದಲೇ ವಿವರಣೆ ಹೇಳಿಸುವುದು.
6. ಊಹೆಗೂ ಕಂಡದ್ದಕ್ಕೂ ಇರುವ ವ್ಯತ್ಯಾಸದ ಕಾರಣವನ್ನು ಬರೆಯಿಸುವುದು.

ಈ ಕ್ರಮದಲ್ಲಿ ಮೂರು ನಿಮಿಷಗಳ ವಿಡಿಯೋಗೆ ಸುಮಾರು ಅರ್ಧ ಗಂಟೆಯ ಚಟುವಟಿಕೆ ಬೇಕಾಗಬಹುದು. ವಿಡಿಯೋ ಚಿಕ್ಕದಾಗಿರಬೇಕೆಂಬುದರ ಉದ್ದೇಶ ಸಮಯ ಉಳಿಸುವುದಲ್ಲ, ಚರ್ಚೆಗೆ ಸಮಯ ಬಿಡುವುದು.

ಭೌತಶಾಸ್ತ್ರದ ಉದಾಹರಣೆಗಳು

ಸುತ್ತಿಗೆ ಮತ್ತು ಗರಿ

ಭಾರವಾದ ವಸ್ತು ಬೇಗ ಬೀಳುತ್ತದೆ ಎಂಬ ಕಲ್ಪನೆ ಬಹಳ ಗಟ್ಟಿಯಾದುದು. 1971ರ ಆಗಸ್ಟ್ 2ರಂದು ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು 1.32 ಕಿ.ಗ್ರಾಂ. ದ್ರವ್ಯರಾಶಿಯ ಸುತ್ತಿಗೆಯನ್ನೂ ಕೇವಲ 30 ಗ್ರಾಂ. ತೂಗುವ ಫಾಲ್ಕನ್ ಹಕ್ಕಿಯ ಗರಿಯನ್ನೂ ಒಂದೇ ಸಲ ಬಿಟ್ಟರು. ಗಾಳಿಯಿಲ್ಲದ ಅಲ್ಲಿ ಎರಡೂ ಒಟ್ಟಿಗೆ ನೆಲ ಮುಟ್ಟಿದವು. ಒಂದು ನಿಮಿಷಕ್ಕೂ ಕಡಿಮೆ ಅವಧಿಯ ಈ ದೃಶ್ಯದಿಂದ ಲೆಕ್ಕವನ್ನೂ ಮಾಡಿಸಬಹುದು. ಬಿದ್ದ ಎತ್ತರ ಸುಮಾರು 1.6 ಮೀಟರ್. ಚಂದ್ರನ ಗುರುತ್ವ ವೇಗೋತ್ಕರ್ಷ 1.62 ಮೀ/ಸೆ² ಆಗಿರುವುದರಿಂದ ಬೀಳಲು ಸುಮಾರು 1.4 ಸೆಕೆಂಡು ಬೇಕು. ಭೂಮಿಯ ಮೇಲೆ ಗಾಳಿಯ ತಡೆಯಿಲ್ಲದಿದ್ದರೆ ಅದೇ ಎತ್ತರಕ್ಕೆ ಸುಮಾರು 0.57 ಸೆಕೆಂಡು ಸಾಕು.

ತೂಕರಹಿತ ಸ್ಥಿತಿ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ನೀರಿನ ಹನಿಗಳು ತೇಲುವ ವಿಡಿಯೋ ನೋಡಿದ ಬಹುಪಾಲು ವಿದ್ಯಾರ್ಥಿಗಳು ಅಲ್ಲಿ ಗುರುತ್ವ ಇಲ್ಲವೆಂದು ತೀರ್ಮಾನಿಸುತ್ತಾರೆ. ದೃಶ್ಯವೇ ತಪ್ಪು ಕಲ್ಪನೆಯನ್ನು ಬಲಪಡಿಸುವುದಕ್ಕೆ ಇದು ಒಳ್ಳೆಯ ನಿದರ್ಶನ. ಸುಮಾರು 400 ಕಿ.ಮೀ. ಎತ್ತರದಲ್ಲಿ ಗುರುತ್ವವು ಭೂಮಿಯ ಮೇಲ್ಮೈಯಲ್ಲಿರುವುದರ ಶೇಕಡಾ 88ಕ್ಕೂ ಹೆಚ್ಚಿರುತ್ತದೆ. ನಿಲ್ದಾಣವೂ ಅದರೊಳಗಿನ ಎಲ್ಲವೂ ಒಟ್ಟಿಗೆ ಭೂಮಿಯ ಕಡೆಗೆ ಬೀಳುತ್ತಲೇ ಕಕ್ಷೆಯಲ್ಲಿ ಸಾಗುತ್ತಿರುವುದರಿಂದ ತೇಲಿದಂತೆ ಕಾಣುತ್ತದೆ. ಈ ಲೆಕ್ಕವನ್ನು ವಿಡಿಯೋಗೆ ಜೋಡಿಸದಿದ್ದರೆ ಪಾಠ ತಪ್ಪು ದಾರಿ ಹಿಡಿಯುತ್ತದೆ.

ಫ್ರೇಮ್ ಎಣಿಸುವ ಪ್ರಯೋಗ

ವಿದ್ಯಾರ್ಥಿಗಳು ತಾವೇ ವಿಡಿಯೋ ತೆಗೆದು ಅಳತೆ ಮಾಡುವುದು ಇನ್ನೊಂದು ವಿಧಾನ. ಗೋಡೆಗೆ ಮೀಟರ್ ಅಳತೆಪಟ್ಟಿ ಹಚ್ಚಿ, ಅದರ ಪಕ್ಕದಲ್ಲಿ ಚೆಂಡನ್ನು ಬಿಟ್ಟು ಮೊಬೈಲಿನಿಂದ ಚಿತ್ರಿಸಿದರೆ ಸಾಕು. ಸೆಕೆಂಡಿಗೆ 30 ಫ್ರೇಮುಗಳ ವಿಡಿಯೋದಲ್ಲಿ ಪ್ರತಿ ಮೂರು ಫ್ರೇಮಿಗೆ 0.1 ಸೆಕೆಂಡು ಕಳೆದಿರುತ್ತದೆ. ಚೆಂಡು ಬಿದ್ದ ದೂರ ಕ್ರಮವಾಗಿ ಸುಮಾರು 4.9, 19.6, 44.1, 78.4 ಸೆಂ.ಮೀ. ಬರಬೇಕು. ಇವುಗಳ ಅನುಪಾತ 1:4:9:16. ಒಂದೊಂದು ಅವಧಿಯಲ್ಲಿ ಬಿದ್ದ ದೂರ ಹಿಂದಿನ ಅವಧಿಗಿಂತ 9.8 ಸೆಂ.ಮೀ. ಹೆಚ್ಚುತ್ತಾ ಹೋಗುತ್ತದೆ. ಇದರಿಂದ 9.8 ಮೀ/ಸೆ² ಎಂಬ ಸಂಖ್ಯೆ ಪುಸ್ತಕದಿಂದ ಬಾರದೆ ಅಳತೆಯಿಂದ ದೊರೆಯುತ್ತದೆ. ಮಸುಕಾದ ಬಿಂಬ, ಕ್ಯಾಮೆರಾದ ಓರೆ ಕೋನ ಇತ್ಯಾದಿಗಳಿಂದ ಬರುವ ದೋಷಗಳನ್ನು ಚರ್ಚಿಸುವುದೂ ಪಾಠದ ಭಾಗವೇ. 'ಟ್ರ್ಯಾಕರ್' ಎಂಬ ಉಚಿತ ತಂತ್ರಾಂಶ ಈ ಕೆಲಸವನ್ನು ಸುಲಭಗೊಳಿಸುತ್ತದೆ.

ಖಗೋಳಶಾಸ್ತ್ರದ ಉದಾಹರಣೆಗಳು

ಋತುಗಳು

1987ರ 'ಎ ಪ್ರೈವೇಟ್ ಯೂನಿವರ್ಸ್' ಎಂಬ ಸಾಕ್ಷ್ಯಚಿತ್ರದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪದವಿ ಪ್ರದಾನ ಸಮಾರಂಭಕ್ಕೆ ಬಂದವರನ್ನು ಋತುಗಳು ಹಾಗೂ ಚಂದ್ರನ ಕಲೆಗಳ ಬಗ್ಗೆ ಪ್ರಶ್ನಿಸಲಾಯಿತು. 23 ಮಂದಿಯಲ್ಲಿ 21 ಮಂದಿ ಸರಿಯಾಗಿ ಉತ್ತರಿಸಲಿಲ್ಲ. ಭೂಮಿ ಸೂರ್ಯನಿಗೆ ಸಮೀಪವಾದಾಗ ಬೇಸಿಗೆ ಬರುತ್ತದೆ ಎಂಬುದು ಸಾಮಾನ್ಯ ತಪ್ಪು ಉತ್ತರವಾಗಿತ್ತು. ವಾಸ್ತವದಲ್ಲಿ ಭೂಮಿ ಸೂರ್ಯನಿಗೆ ಅತಿ ಸಮೀಪ ಇರುವುದು ಜನವರಿಯ ಆರಂಭದಲ್ಲಿ, ಸುಮಾರು 14.7 ಕೋಟಿ ಕಿ.ಮೀ. ದೂರದಲ್ಲಿ. ಜುಲೈ ಆರಂಭದಲ್ಲಿ ಈ ದೂರ ಸುಮಾರು 15.2 ಕೋಟಿ ಕಿ.ಮೀ. ಆಗುತ್ತದೆ. ಋತುಗಳಿಗೆ ಕಾರಣ ಭೂಮಿಯ ಅಕ್ಷದ ಸುಮಾರು 23.5 ಡಿಗ್ರಿ ಓರೆ. ಕಕ್ಷೆಯನ್ನು ಓರೆಯಾಗಿ ನೋಡಿದಂತೆ ಚಿತ್ರಿಸುವ ವಿಡಿಯೋಗಳಲ್ಲಿ ಅದು ಉದ್ದನೆಯ ಮೊಟ್ಟೆಯಾಕಾರವಾಗಿ ಕಾಣುವುದರಿಂದ ಈ ತಪ್ಪು ಕಲ್ಪನೆ ಹೆಚ್ಚಾಗುವ ಸಾಧ್ಯತೆಯಿದೆ.

ನಕ್ಷತ್ರದ ಕಕ್ಷೆ

ನಮ್ಮ ಗೆಲಾಕ್ಸಿಯ ಕೇಂದ್ರದಲ್ಲಿ ಎಸ್2 ಎಂಬ ನಕ್ಷತ್ರವು ಕಾಣದ ಕಾಯವೊಂದನ್ನು ಸುತ್ತುತ್ತಿರುವುದನ್ನು ದೂರದರ್ಶಕಗಳು ದಶಕಗಳ ಕಾಲ ಚಿತ್ರಿಸಿವೆ. ಈ ಚಿತ್ರಗಳನ್ನು ಜೋಡಿಸಿದ ಕೆಲವೇ ಸೆಕೆಂಡುಗಳ ವಿಡಿಯೋ ಕೆಪ್ಲರನ ಮೂರನೆಯ ನಿಯಮವನ್ನು ಬಳಸಿ ನೋಡಲು ಅನುಕೂಲಕರ. ಪರಿಭ್ರಮಣಾವಧಿ ಸುಮಾರು 16 ವರ್ಷ, ಕಕ್ಷೆಯ ಅರೆ ದೀರ್ಘಾಕ್ಷ ಭೂಮಿ ಮತ್ತು ಸೂರ್ಯರ ನಡುವಿನ ದೂರದ ಸುಮಾರು 1000 ಪಟ್ಟು. 1000ದ ಘನವನ್ನು 16ರ ವರ್ಗದಿಂದ ಭಾಗಿಸಿದರೆ ಸುಮಾರು 40 ಲಕ್ಷ ಬರುತ್ತದೆ. ಅಂದರೆ ಆ ಕಾಯದ ದ್ರವ್ಯರಾಶಿ ಸೂರ್ಯನ ಸುಮಾರು 40 ಲಕ್ಷ ಪಟ್ಟು. ಈ ಸಂಶೋಧನೆಗಾಗಿ ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ 2020ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಚಂದ್ರಯಾನ-3

2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವ ಪ್ರದೇಶದ ಸಮೀಪ ಇಳಿದ ನೇರಪ್ರಸಾರವನ್ನು ಅನೇಕ ಶಾಲೆಗಳಲ್ಲಿ ತೋರಿಸಲಾಯಿತು. ಸುಮಾರು 30 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ ಸುಮಾರು 1.7 ಕಿ.ಮೀ. ವೇಗದಿಂದ ಸಾಗುತ್ತಿದ್ದ ಲ್ಯಾಂಡರ್ ಸುಮಾರು 19 ನಿಮಿಷಗಳಲ್ಲಿ ನೆಲಕ್ಕಿಳಿಯಿತು. ಗಾಳಿಯಿಲ್ಲದ ಚಂದ್ರನಲ್ಲಿ ಪ್ಯಾರಾಚೂಟ್ ಏಕೆ ಉಪಯೋಗವಿಲ್ಲ, ವೇಗ ತಗ್ಗಿಸಲು ಎಂಜಿನ್ನನ್ನು ಯಾವ ದಿಕ್ಕಿಗೆ ಉರಿಸಬೇಕು ಎಂಬ ಪ್ರಶ್ನೆಗಳಿಂದ ನ್ಯೂಟನ್ನನ ನಿಯಮಗಳ ಪಾಠವನ್ನು ಆರಂಭಿಸಬಹುದು.

ಮಿತಿಗಳು ಮತ್ತು ಟೀಕೆಗಳು

ತಪ್ಪು ಮಾಹಿತಿ: 1940ರ ನವೆಂಬರ್ 7ರಂದು ಅಮೆರಿಕದ ಟಕೋಮಾ ನ್ಯಾರೋಸ್ ತೂಗುಸೇತುವೆ ಗಾಳಿಗೆ ಹೊಯ್ದಾಡಿ ಕುಸಿದ ದೃಶ್ಯವನ್ನು ಅನುರಣನದ ಉದಾಹರಣೆಯಾಗಿ ದಶಕಗಳಿಂದ ತೋರಿಸಲಾಗುತ್ತಿದೆ. ಇದು ಸರಳ ಅನುರಣನವಲ್ಲ, ಸೇತುವೆಯ ಚಲನೆಯೇ ಗಾಳಿಯಿಂದ ಶಕ್ತಿಯನ್ನು ಸೆಳೆದುಕೊಂಡು ಬೆಳೆದ ಹೊಯ್ದಾಟ ಎಂದು ಬಿಲ್ಲಾ ಮತ್ತು ಸ್ಕ್ಯಾನ್ಲನ್ 1991ರ ಲೇಖನದಲ್ಲಿ ವಿವರಿಸಿದರು. ಸೆಕೆಂಡಿಗೆ 16 ಫ್ರೇಮುಗಳಂತೆ ತೆಗೆದ ಚಿತ್ರವನ್ನು 24ರಂತೆ ಓಡಿಸಿರುವುದರಿಂದ, ವ್ಯಾಪಕವಾಗಿ ಹರಡಿರುವ ವಿಡಿಯೋದಲ್ಲಿ ಸೇತುವೆ ನಿಜಕ್ಕಿಂತ ವೇಗವಾಗಿ ಹೊಯ್ದಾಡುತ್ತದೆ ಎಂಬುದನ್ನೂ 2015ರಲ್ಲಿ ತೋರಿಸಲಾಯಿತು. ಕಣ್ಣಾರೆ ಕಂಡ ದೃಶ್ಯವನ್ನೂ ಪರಿಶೀಲಿಸಬೇಕೆಂಬುದಕ್ಕೆ ಇದು ನಿದರ್ಶನ.

ಪ್ರಮಾಣ: ಸೌರಮಂಡಲದ ಬಹುತೇಕ ವಿಡಿಯೋಗಳು ಗ್ರಹಗಳ ಗಾತ್ರ ಮತ್ತು ದೂರಗಳನ್ನು ಒಂದೇ ಪ್ರಮಾಣದಲ್ಲಿ ತೋರಿಸುವುದಿಲ್ಲ. ಭೂಮಿಯನ್ನು 1 ಸೆಂ.ಮೀ. ವ್ಯಾಸದ ಮಣಿಯೆಂದು ಭಾವಿಸಿದರೆ ಚಂದ್ರ 30 ಸೆಂ.ಮೀ. ದೂರದಲ್ಲಿಯೂ, ಒಂದು ಮೀಟರಿಗಿಂತ ತುಸು ಹೆಚ್ಚು ವ್ಯಾಸದ ಸೂರ್ಯ ಸುಮಾರು 117 ಮೀಟರ್ ದೂರದಲ್ಲಿಯೂ ಇರಬೇಕು. ಇದನ್ನು ಪರದೆಗಿಂತ ಶಾಲೆಯ ಆಟದ ಮೈದಾನದಲ್ಲಿ ತೋರಿಸುವುದು ಸುಲಭ.

ಅಕ್ಷಾಂಶ: ಜನಪ್ರಿಯ ವಿಡಿಯೋಗಳಲ್ಲಿ ಅನೇಕವು ಉತ್ತರದ ಶೀತ ದೇಶಗಳಲ್ಲಿ ತಯಾರಾದವು. ಅಲ್ಲಿ ನಡುಹಗಲಿನ ಸೂರ್ಯ ಸದಾ ದಕ್ಷಿಣಕ್ಕೇ ಇರುತ್ತಾನೆ, ಬೇಸಿಗೆ ಜೂನ್ ತಿಂಗಳಿನಿಂದ ಆರಂಭವಾಗುತ್ತದೆ. ಕರ್ನಾಟಕವು ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿರುವುದರಿಂದ ಇಲ್ಲಿ ಸೂರ್ಯ ವರ್ಷಕ್ಕೆ ಎರಡು ಬಾರಿ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಈ ಶೂನ್ಯ ನೆರಳಿನ ದಿನಗಳು ಏಪ್ರಿಲ್ 24-25 ಮತ್ತು ಆಗಸ್ಟ್ 18ರ ಸುಮಾರಿಗೆ ಬರುತ್ತವೆ. ಇಲ್ಲಿನ ಬಿರುಬೇಸಿಗೆ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿಯೇ ಕಳೆದು, ಜೂನಿನಲ್ಲಿ ಮುಂಗಾರಿನ ಮೋಡಗಳು ಬಿಸಿಲನ್ನು ತಗ್ಗಿಸುತ್ತವೆ. ಬಿದಿಗೆ ಚಂದ್ರನೂ ಇಲ್ಲಿ ಹೆಚ್ಚು ಮಲಗಿದಂತೆ, ಕೆಲವು ತಿಂಗಳುಗಳಲ್ಲಿ ದೋಣಿಯಂತೆ ಕಾಣುತ್ತಾನೆ. ವಿಡಿಯೋದಲ್ಲಿ ಕಂಡದ್ದು ಮನೆಯಂಗಳದಲ್ಲಿ ಕಂಡದ್ದಕ್ಕೆ ಹೊಂದದಿದ್ದಾಗ ವಿದ್ಯಾರ್ಥಿ ತನ್ನ ಕಣ್ಣನ್ನೇ ಸಂಶಯಿಸುವ ಅಪಾಯವಿದೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳನ್ನು ವರ್ಷವಿಡೀ ಅಳೆಯುವುದು ಇದಕ್ಕೆ ಸರಳ ಪರಿಹಾರ.

ಪ್ರಯೋಗದ ಬದಲಿ: ಪ್ರಯೋಗಾಲಯವಿಲ್ಲದ ಶಾಲೆಗಳಲ್ಲಿ ವಿಡಿಯೋವೇ ಪ್ರಯೋಗದ ಸ್ಥಾನವನ್ನು ಪಡೆಯುವುದು ಗಂಭೀರವಾದ ಟೀಕೆಗೆ ಒಳಗಾಗಿದೆ. ವಿಡಿಯೋದಲ್ಲಿ ಪ್ರಯೋಗ ಎಂದೂ ವಿಫಲವಾಗುವುದಿಲ್ಲ. ತಂತಿ ಸಡಿಲವಾಗುವುದು, ಅಳತೆ ಹೆಚ್ಚುಕಡಿಮೆಯಾಗುವುದು, ಕಾರಣ ಹುಡುಕಿ ಮತ್ತೆ ಮಾಡುವುದು ಮುಂತಾದ ಅನುಭವಗಳು ಅದರಿಂದ ದೊರೆಯುವುದಿಲ್ಲ. ದಾರ, ಕಲ್ಲು ಮತ್ತು ಗಡಿಯಾರದಿಂದ ಮಾಡಬಹುದಾದ ಲೋಲಕದ ಪ್ರಯೋಗವನ್ನು ಪರದೆಯ ಮೇಲೆ ಮಾತ್ರ ತೋರಿಸುವುದಕ್ಕೆ ಸಮರ್ಥನೆಯಿಲ್ಲ. ಮಾಡಲು ಸಾಧ್ಯವಿರುವುದನ್ನು ಮಾಡಿಸಿ, ಸಾಧ್ಯವಿಲ್ಲದುದನ್ನು ಮಾತ್ರ ತೋರಿಸುವುದು ಸೂಕ್ತವೆಂದು ಪರಿಗಣಿಸಬಹುದು.

ಕನ್ನಡದಲ್ಲಿ ಬಳಕೆ

ಕನ್ನಡ ಮಾಧ್ಯಮದ ತರಗತಿಯಲ್ಲಿ ಇಂಗ್ಲಿಷ್ ವಿಡಿಯೋ ತೋರಿಸಿದಾಗ ವಿದ್ಯಾರ್ಥಿಯ ಗಮನ ಭೌತಶಾಸ್ತ್ರಕ್ಕಿಂತ ಭಾಷೆಯ ಮೇಲೆ ವ್ಯಯವಾಗುತ್ತದೆ. ಕನ್ನಡ ಉಪಶೀರ್ಷಿಕೆಗಳಿದ್ದರೂ ಅಕ್ಷರ ಓದುವ ಕಣ್ಣು ದೃಶ್ಯವನ್ನು ತಪ್ಪಿಸಿಕೊಳ್ಳಬಹುದು. ಧ್ವನಿಯನ್ನು ನಿಲ್ಲಿಸಿ ಶಿಕ್ಷಕರೇ ಕನ್ನಡದಲ್ಲಿ ವಿವರಿಸುವುದು ಖರ್ಚಿಲ್ಲದ ಉಪಾಯ. ಪಾರಿಭಾಷಿಕ ಪದಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಪಠ್ಯಪುಸ್ತಕವು ಜವ ಮತ್ತು ವೇಗ, ದ್ರವ್ಯರಾಶಿ ಮತ್ತು ತೂಕ ಎಂಬ ಪದಗಳನ್ನು ಪ್ರತ್ಯೇಕ ಅರ್ಥದಲ್ಲಿ ಬಳಸುತ್ತದೆ. ವಿಡಿಯೋದ ಆಡುಮಾತಿನಲ್ಲಿ ಅವು ಒಂದಕ್ಕೊಂದು ಬೆರೆತುಹೋಗುವುದುಂಟು.

ಕನ್ನಡದಲ್ಲಿ ವಿಜ್ಞಾನ ಪ್ರಸಾರಕ್ಕೆ ಮುದ್ರಣದ ಪರಂಪರೆ ಹಳೆಯದು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಮಾಸಪತ್ರಿಕೆ, 1989ರಲ್ಲಿ ಆರಂಭವಾದ ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ ಮುಂತಾದವು ವಿದ್ಯಾರ್ಥಿಗಳಿಗೆ ಪರಿಚಿತ. ಹುಣ್ಣಿಮೆ, ಅಮಾವಾಸ್ಯೆ, ಶುಕ್ಲಪಕ್ಷ, ಕೃಷ್ಣಪಕ್ಷ ಎಂಬ ಪದಗಳು ಮನೆಮಾತಾಗಿರುವುದರಿಂದ ಚಂದ್ರನ ಕಲೆಗಳ ಪಾಠವನ್ನು ಗೋಡೆಯ ಕ್ಯಾಲೆಂಡರಿನಿಂದಲೇ ಆರಂಭಿಸಬಹುದು. ಹದಿನೈದು ಸಂಜೆಗಳು ಚಂದ್ರನನ್ನು ನೋಡಿ ಚಿತ್ರ ಬರೆದ ವಿದ್ಯಾರ್ಥಿಗೆ, ನಂತರ ತೋರಿಸುವ ಎರಡು ನಿಮಿಷಗಳ ವಿಡಿಯೋ ತಾನು ಕಂಡದ್ದರ ಕಾರಣವನ್ನು ತಿಳಿಸುತ್ತದೆ.